ಸಾಗವಾನಿ ಸೋಫಾದ ಮೆತ್ತೆ ಕವರ್: ಅಳತೆ ಬರೆದುಕೊಟ್ಟರೂ ಯಾಕೆ ಕೂರುತ್ತಿಲ್ಲ?

ಹಿತ್ತಲಬಾಗಿಲು (ಸಾಗರ), ಭಾನುವಾರ ಮಧ್ಯಾಹ್ನ 3:10

ಎಲ್ಲರಿಗೂ ನಮಸ್ಕಾರ. ಹೊಲಿಗೆ ಬಲ್ಲವರು ದಯವಿಟ್ಟು ಸ್ವಲ್ಪ ಬಿಡುವು ಮಾಡಿಕೊಂಡು ಓದಿ.

ನಮ್ಮ ಮನೆಯಲ್ಲಿ ಮಾವನವರ ಕಾಲದ ಸಾಗವಾನಿ ಸೋಫಾ ಸೆಟ್ ಇದೆ. ಊರಿನ ಆಚಾರರು ನಮ್ಮ ಅಂಗಳದಲ್ಲೇ ಕೂತು ಮಾಡಿಕೊಟ್ಟಿದ್ದು. ಮೂವರು ಕೂರುವುದು ಒಂದು, ಒಬ್ಬೊಬ್ಬರದು ಎರಡು, ಒಟ್ಟು ಐದು ಕೂರುವ ಮೆತ್ತೆ. ಮರಕ್ಕೆ ಈಗಲೂ ಒಂದು ಹುಳ ಬಿದ್ದಿಲ್ಲ. ಹಳೆಯ ತೆಂಗಿನ ನಾರಿನ ಮೆತ್ತೆ ಕುಸಿದಿತ್ತು ಅಂತ ಕಳೆದ ದೀಪಾವಳಿಗೆ 4 ಇಂಚು ದಪ್ಪದ ಹೊಸ ಫೋಮ್ ಕತ್ತರಿಸಿ ತಂದೆವು. ಕವರನ್ನು ಪೇಟೆಯ ಒಬ್ಬ ಟೈಲರ್ ಹತ್ತಿರ ಹೊಲಿಸಿದೆ. ಅಳತೆ ಹಿಡಿದವಳು ನಾನೇ. ಚೀಟಿಯಲ್ಲಿ ಬರೆದುಕೊಟ್ಟಿದ್ದು ಇಷ್ಟು: 22 ಉದ್ದ, 22 ಅಗಲ, 4 ದಪ್ಪ, ಐದು.

ಕವರ್ ಬಂದಾಗ ಸುಮಾರಾಗಿ ಚೆನ್ನಾಗಿಯೇ ಇತ್ತು. ಹಿಂದುಗಡೆ ಎರಡೂ ಮೂಲೆಯಲ್ಲಿ ಬಟ್ಟೆ ಸಡಿಲವಾಗಿ ನೆರಿಗೆ ಬೀಳುತ್ತಿತ್ತು, ಮುಂದೆ ಮಾತ್ರ ಬಿಗಿ. ಸಂಕ್ರಾಂತಿಗೆ ಒಮ್ಮೆ ಒಗೆದೆ. ಈಗ ಫೋಮ್ ಒಳಗೆ ಹೋಗುವುದೇ ಇಲ್ಲ. ಬಲವಂತವಾಗಿ ತುರುಕಿದರೆ ಮೆತ್ತೆ ನಡುವೆ ಉಬ್ಬಿ ಇಡ್ಲಿಯ ಹಾಗೆ ಆಗುತ್ತದೆ. ಜಿಪ್ ಎರಡು ಕಡೆ ಬಿಟ್ಟಿದೆ. ಬಟ್ಟೆ ಒಳ್ಳೆಯದೇ, ಗಟ್ಟಿ ಹತ್ತಿ ಕೇಸ್‌ಮೆಂಟ್.

ಈ ಸಲ ನಾನೇ ಹೊಲಿಯಬೇಕು ಅಂದುಕೊಂಡಿದ್ದೇನೆ. ಮನೆಯಲ್ಲಿ ಅತ್ತೆಯ ಕಾಲ್ತುಳಿತದ ಉಷಾ ಮಶೀನಿದೆ. ರವಿಕೆ, ಲಂಗ ಹೊಲಿದು ಅಭ್ಯಾಸವಿದೆ, ದಪ್ಪ ಬಟ್ಟೆಯದು ಇಲ್ಲ. ಮೆತ್ತೆಯ ಅಳತೆಯನ್ನು ಎಲ್ಲಿಂದ ಎಲ್ಲಿಗೆ ಹಿಡಿಯಬೇಕು? ಹೊಲಿಗೆಗೆ ಎಷ್ಟು ಬಿಡಬೇಕು? ಎಷ್ಟು ಮೀಟರ್ ತರಲಿ?

ಇಂಚುಪಟ್ಟಿ (ದಾವಣಗೆರೆ), ಭಾನುವಾರ ಸಂಜೆ 6:45

ಅಕ್ಕ, ನಾನು 26 ವರ್ಷದಿಂದ ಸೋಫಾ, ದಿವಾನ್, ಕಾರ್ ಸೀಟಿನ ಕೆಲಸ ಮಾಡಿಕೊಂಡು ಬಂದವನು. ನಿಮ್ಮ ಚೀಟಿಯ ಮೊದಲನೇ ಸಾಲಿನಲ್ಲೇ ತಪ್ಪು ಕಾಣುತ್ತಿದೆ. ಅದು ನಿಮ್ಮ ತಪ್ಪಲ್ಲ, ಎಲ್ಲರೂ ಹಾಗೇ ಬರೆದುಕೊಡುತ್ತಾರೆ. ಬರೆಸಿಕೊಂಡವರು ಕೇಳಬೇಕಿತ್ತು.

ಆಚಾರರು ಮಾಡಿದ ಮರದ ಸೋಫಾ ಚೌಕ ಇರುವುದೇ ಅಪರೂಪ. ಕೂರುವವರ ತೊಡೆಗೆ ಜಾಗ ಸಿಗಲಿ ಅಂತ ಕೈಗಳನ್ನು ಮುಂದೆ ಅಗಲಿಸಿ, ಹಿಂದೆ ಕೂಡಿಸುತ್ತಾರೆ. ಮುಂದೆ 22 ಇದ್ದ ಮಾತ್ರಕ್ಕೆ ಹಿಂದೆಯೂ 22 ಇರುತ್ತದೆ ಅನ್ನುವ ಹಾಗಿಲ್ಲ. ಹಿಂದೆ ನೆರಿಗೆ, ಮುಂದೆ ಬಿಗಿ ಅಂದಿರಲ್ಲ, ಅದಕ್ಕೆ ಕಾರಣ ಇದೇ. ಒಂದು ಮೆತ್ತೆಗೆ ಮುಂದಿನ ಅಗಲ, ಹಿಂದಿನ ಅಗಲ, ಎಡಬದಿ, ಬಲಬದಿ ಅಂತ ನಾಲ್ಕೂ ಬೇಕು. ಮೂಲೆಯಿಂದ ಮೂಲೆಗೆ ಎರಡು ಕರ್ಣವೂ ಬೇಕು. ಎರಡು ಕರ್ಣ ಸಮ ಬಂದರೆ ಮೆತ್ತೆ ಎಡಬಲ ಸಮನಾಗಿದೆ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದು ಕಡೆ ವಾಲಿದೆ.

ನಿಜ ಹೇಳಬೇಕೆಂದರೆ ನಾನು ಈಗ ಅಂಕಿ ನೆಚ್ಚಿಕೊಂಡು ಕತ್ತರಿ ಹಾಕುವುದನ್ನೇ ಬಿಟ್ಟಿದ್ದೇನೆ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ ದೊಡ್ಡದು ಮಾಡಿಕೊಳ್ಳಿ. ಸೋಫಾದ ಖಾಲಿ ಸೀಟಿನ ಮೇಲೆ ಹಾಸಿ, ಮರದ ಅಂಚಿಗೆ ಬೆರಳಿನಿಂದ ತೀಡಿ ಗೆರೆ ಮೂಡಿಸಿ, ಅದರ ಮೇಲೆ ಪೆನ್ಸಿಲ್ ಎಳೆಯಿರಿ. ಆ ಹಾಳೆಯನ್ನು ಕತ್ತರಿಸಿ ಫೋಮಿನ ಮೇಲಿಟ್ಟು ನೋಡಿ. ಫೋಮ್ ಹಾಳೆಗಿಂತ ಚಾಚಿಕೊಂಡಿದ್ದರೆ ಮೊದಲು ಫೋಮನ್ನು ಸರಿಮಾಡಬೇಕು, ಬಟ್ಟೆಯ ಮಾತು ಆಮೇಲೆ. ಕವರಿನ ಅಳತೆ ಹಿಡಿಯುವುದು ಯಾವತ್ತೂ ಮೆತ್ತೆಯಿಂದ. ಮೆತ್ತೆಯ ಅಳತೆ ಹಿಡಿಯುವುದು ಸೀಟಿನಿಂದ. ಈ ವರಸೆ ಹಿಂದುಮುಂದಾದರೆ ಕೆಡುತ್ತದೆ.

ಐದು ಫೋಮಿಗೂ ಮಾರ್ಕರ್ ಪೆನ್ನಿನಲ್ಲಿ 1ರಿಂದ 5ರವರೆಗೆ ನಂಬರ್ ಹಾಕಿ, ಮುಂದುಗಡೆಗೆ ಬಾಣದ ಗುರುತು ಮಾಡಿ. ಅದೇ ನಂಬರನ್ನು ಸೀಟಿನ ಹಲಗೆಯ ಕೆಳಗೆ ಸೀಮೆಸುಣ್ಣದಿಂದ ಬರೆಯಿರಿ. ಐದೂ ಒಂದೇ ಅಂದುಕೊಳ್ಳಬೇಡಿ.

ಇನ್ನು ಒಗೆದ ಮೇಲೆ ಕುಗ್ಗಿದ್ದು. ಮಗ್ಗದ ಮೇಲೆ ಹಾಸು ನೂಲನ್ನು ಎಳೆದು ಬಿಗಿದಿರುತ್ತಾರೆ. ಮೊದಲ ಸಲ ನೀರು ಕುಡಿದಾಗ ಆ ಬಿಗಿ ಸಡಿಲವಾಗಿ ಬಟ್ಟೆ ಉದ್ದಕ್ಕೆ ಕುಗ್ಗುತ್ತದೆ. ಹೊಕ್ಕು ನೂಲಿಗೆ ಅಷ್ಟು ಎಳೆತ ಇರುವುದಿಲ್ಲ, ಅಡ್ಡಕ್ಕೆ ಕುಗ್ಗುವುದು ಕಡಿಮೆ. ಅದಕ್ಕೇ ಹೊಸ ಬಟ್ಟೆಯನ್ನು ಹೊಲಿಯುವ ಮೊದಲೇ ಒಮ್ಮೆ ಒಗೆದುಕೊಳ್ಳಬೇಕು. ನಿಮ್ಮ ಹತ್ತಿರ ಅದೇ ಬಟ್ಟೆಯ ತುಂಡು ಉಳಿದಿದ್ದರೆ ಅದರ ಮೇಲೆ 20 ಇಂಚಿನ ಚೌಕ ಬರೆದು, ನೀವು ಮನೆಯಲ್ಲಿ ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಅಳೆಯಿರಿ. ಏನು ಬಂತು ಅಂತ ಇಲ್ಲಿ ಬರೆಯಿರಿ.

ರೇಷ್ಮೆಗೂಡು (ಬೆಂಗಳೂರು), ಭಾನುವಾರ ರಾತ್ರಿ 8:20

ಹೊಸ ಬಟ್ಟೆಯನ್ನು ಹೊಲಿಯುವ ಮೊದಲೇ ಒಗೆಯುವುದನ್ನು ನಾನು ಒಪ್ಪುವುದಿಲ್ಲ. ಚಿಕ್ಕಪೇಟೆಯಿಂದ ತಂದ ಜಕಾರ್ಡ್ ಬಟ್ಟೆಯನ್ನು ಯಾರದೋ ಮಾತು ಕೇಳಿ ಬಕೆಟಿನಲ್ಲಿ ನೆನೆಸಿದೆ. ಹೊಳಪು ಹೋಯಿತು, ಹೂವಿನ ಎಳೆಗಳು ಎದ್ದು ನಿಂತವು. ಇವತ್ತಿಗೂ ಬೇಸರವಿದೆ. ದಪ್ಪ ಬಟ್ಟೆಗೆ ಎರಡು ಇಂಚು ದೊಡ್ಡದಾಗಿ ಹೊಲಿದರೆ ಸಾಲದೇ?

ಇಂಚುಪಟ್ಟಿ, ಭಾನುವಾರ ರಾತ್ರಿ 9:05

ಎರಡು ಇಂಚು ದೊಡ್ಡದಾಗಿ ಹೊಲಿದರೆ ಒಗೆಯುವವರೆಗೂ ಜೋಲುತ್ತದೆ. ಒಗೆದ ಮೇಲೆ ಉದ್ದಕ್ಕೆ ಸರಿಹೋಗಿ ಅಡ್ಡಕ್ಕೆ ಜೋಲುತ್ತಲೇ ಉಳಿಯುತ್ತದೆ, ಎರಡು ದಿಕ್ಕಿಗೂ ಕುಗ್ಗುವ ಪ್ರಮಾಣ ಒಂದೇ ಅಲ್ಲವಲ್ಲ.

ನಿಮ್ಮ ಜಕಾರ್ಡಿನ ವಿಷಯ ಬೇರೆ. ಅದನ್ನು ಡ್ರೈಕ್ಲೀನಿಗೇ ಕೊಡುತ್ತೀರಾದರೆ ನೀರು ಮುಟ್ಟಿಸಬಾರದು. ಹೊಲಿದ ಮೇಲೆ ಬಟ್ಟೆಯನ್ನು ಹೇಗೆ ನೋಡಿಕೊಳ್ಳುತ್ತೀರೋ, ಹೊಲಿಯುವ ಮೊದಲೂ ಒಮ್ಮೆ ಹಾಗೇ ಮಾಡಿ. ಮಶೀನಿನಲ್ಲಿ ಒಗೆಯುವವರು ಮಶೀನಿಗೆ ಹಾಕಲಿ, ಬಿಸಿಲಿಗೆ ಒಣಗಿಸುವವರು ಬಿಸಿಲಿಗೇ ಹಾಕಲಿ. ಕತ್ತರಿಸಿದ ತುದಿಗೆ ಮೊದಲು ಒಂದು ಕಚ್ಚಾ ಹೊಲಿಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ನೂಲು ಬಿಟ್ಟುಕೊಂಡು ಗಂಟಾಗುತ್ತದೆ.

ಕಡಲತಡಿ (ಕುಂದಾಪುರ), ಸೋಮವಾರ ಬೆಳಿಗ್ಗೆ 7:30

ಸಾಗರದವರು ಅಂತ ನೋಡಿ ಬರೆಯುತ್ತಿದ್ದೇನೆ, ನಿಮ್ಮಲ್ಲೂ ನಮ್ಮ ಹಾಗೇ ಮಳೆ. ರೆಕ್ಸಿನ್ ಹಾಕಿದರೆ ಒಗೆಯುವ ತಾಪತ್ರಯವೇ ಇಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಪಿಯು (ಪಾಲಿಯುರೆಥೇನ್) ಲೇಪನದ ರೆಕ್ಸಿನ್ ನಮ್ಮ ಗಾಳಿಗೆ ತಡೆಯುವುದಿಲ್ಲ. ಗಾಳಿಯ ತೇವ ಆ ಲೇಪನದ ಒಳಗೇ ಸೇರಿ ಅದನ್ನು ಒಡೆಯುತ್ತದೆ. ನಮ್ಮ ಮನೆಯ ಕುರ್ಚಿಗಳಲ್ಲಿ ಮೂರನೇ ಮಳೆಗಾಲಕ್ಕೆ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತು. ಕೂತು ಎದ್ದವರ ಬಟ್ಟೆಗೆಲ್ಲ ಕಪ್ಪು ಚೂರು.

ಹತ್ತಿಯೇ ಒಳ್ಳೆಯದು. ಆದರೆ ಮೂರು ವಿಷಯ ಗಮನಿಸಿ. ಕವರಿನ ತಳಕ್ಕೆ ಅದೇ ದಪ್ಪ ಬಟ್ಟೆ ಬೇಡ, ತೆಳು ಕೋರಾ ಬಟ್ಟೆ ಹಾಕಿ. ಮೇಲೆ ಕೂತಾಗ ಫೋಮಿನ ಗಾಳಿ ಕೆಳಗಿನಿಂದ ಹೋಗಬೇಕು, ಎದ್ದಾಗ ಒಳಗೆ ಬರಬೇಕು. ಇಲ್ಲದಿದ್ದರೆ ಒಳಗಿನ ಕಮಟು ವಾಸನೆ ಹೋಗುವುದೇ ಇಲ್ಲ. ಜಿಪ್ ಲೋಹದ್ದು ಬೇಡ, ನೈಲಾನಿನದು ತೆಗೆದುಕೊಳ್ಳಿ. ನಮ್ಮಲ್ಲಿ ಉಪ್ಪುಗಾಳಿಗೆ ಲೋಹದ ಜಿಪ್ ಎರಡೇ ವರ್ಷಕ್ಕೆ ಹಸಿರು ಹಿಡಿದು ಬಟ್ಟೆಗೆ ಕಲೆ ಬಿಟ್ಟಿತು. ಜೊತೆಗೆ ಫೋಮಿಗೆ ನೇರ ಹೊರಗವರು ಹಾಕದೆ, ಹಳೆಯ ಪಂಚೆಯಿಂದ ಒಂದು ಒಳಚೀಲ ಹೊಲಿದು ಹಾಕಿ. ಹೊರಗವರು ತೆಗೆಯಲು, ಹಾಕಲು ಜಾರುತ್ತದೆ. ಫೋಮ್ ಪುಡಿಯಾಗುವುದೂ ತಡವಾಗುತ್ತದೆ.

ಲೆಕ್ಕದಮನೆ (ತುಮಕೂರು), ಸೋಮವಾರ ಮಧ್ಯಾಹ್ನ 1:15

ಎಷ್ಟು ಮೀಟರ್ ಬೇಕು ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಗಣಿತ ಪಾಠ ಮಾಡುವವನು, ಪತ್ನಿ ಹೊಲಿಯುತ್ತಾರೆ. ಮನೆಯಲ್ಲಿ ಬಟ್ಟೆಯ ಲೆಕ್ಕ ನನ್ನದೇ. ನೀವು ಸರಿಯಾದ ಅಳತೆ ಕೊಟ್ಟರೆ ಕತ್ತರಿಸುವ ನಕ್ಷೆಯನ್ನೇ ಬರೆದುಕೊಡುತ್ತೇನೆ. ಬಟ್ಟೆಯ ಅಗಲವನ್ನೂ ತಿಳಿಸಿ. ಅಂಗಡಿಯಲ್ಲಿ 44, 54, 58 ಅಂತ ಬೇರೆ ಬೇರೆ ಇರುತ್ತವೆ, ಅಗಲ ಗೊತ್ತಿಲ್ಲದೆ ಮೀಟರ್ ಹೇಳಲು ಬರುವುದಿಲ್ಲ.

ಒಂದು ಮಾತು. ಅಳೆಯುವ ಟೇಪನ್ನು ಮೊದಲು ಉಕ್ಕಿನ ಸ್ಕೇಲಿಗೆ ಹಿಡಿದು ನೋಡಿ. ಹಳೆಯ ಹೊಲಿಗೆ ಟೇಪು ಎಳೆದೂ ಎಳೆದೂ ಉದ್ದವಾಗಿರುತ್ತದೆ. ನಮ್ಮ ಮನೆಯದು 60 ಇಂಚಿಗೆ ಅರ್ಧ ಇಂಚು ಸುಳ್ಳು ಹೇಳುತ್ತಿತ್ತು.

ಹಿತ್ತಲಬಾಗಿಲು, ಮಂಗಳವಾರ ರಾತ್ರಿ 9:40

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಎರಡು ದಿನ ಇದೇ ಕೆಲಸ ಮಾಡಿದೆ.

ಪತ್ರಿಕೆಯ ಹಾಳೆ ಹಾಸಿ ಗೆರೆ ಎಳೆದಾಗ ಕಣ್ಣು ತೆರೆದ ಹಾಗಾಯಿತು. ಮುಂದೆ 22½, ಹಿಂದೆ 20¾! ಬದಿ ಎರಡೂ 22. ಇಷ್ಟು ವರ್ಷ ಅದರ ಮೇಲೆ ಕೂತಿದ್ದೇನೆ, ಹಿಂದೆ ಕಿರಿದಾಗಿದೆ ಅಂತ ಗೊತ್ತೇ ಇರಲಿಲ್ಲ. ಫೋಮ್ ಅಂಗಡಿಯವರು ಸೀಟು ನೋಡಿಯೇ ಕತ್ತರಿಸಿದ್ದರು, ಹಾಗಾಗಿ ಫೋಮ್ ಹಾಳೆಗೆ ಸರಿಯಾಗಿದೆ. ನಂಬರ್ 4 ಮಾತ್ರ ಅನುಮಾನ, ಅದರ ಎರಡು ಕರ್ಣಕ್ಕೆ ಮುಕ್ಕಾಲು ಇಂಚು ವ್ಯತ್ಯಾಸ ಬರುತ್ತಿದೆ.

ಚೌಕದ ಪರೀಕ್ಷೆಯನ್ನೂ ಮಾಡಿದೆ. 20 ಇಂಚು ಬರೆದದ್ದು ಒಗೆದ ಮೇಲೆ ಉದ್ದಕ್ಕೆ ಸರಿಯಾಗಿ 19, ಅಡ್ಡಕ್ಕೆ 19⅝. ಇಂಚುಪಟ್ಟಿಯವರು ಹೇಳಿದ್ದು ಹೇಳಿದ ಹಾಗೇ.

ಹೊಸದಾಗಿ ನೋಡಿದ ಬಟ್ಟೆಯೂ ಕೇಸ್‌ಮೆಂಟೇ, 54 ಇಂಚಿನ ಪನ್ನ (ಬಟ್ಟೆಯ ಅಗಲ). ಗೋಧಿ ಬಣ್ಣ. ಇನ್ನೂ ಕೊಂಡಿಲ್ಲ.

ಲೆಕ್ಕದಮನೆ, ಮಂಗಳವಾರ ರಾತ್ರಿ 11:20

20ಕ್ಕೆ 1 ಇಂಚು ಅಂದರೆ ಉದ್ದಕ್ಕೆ ನೂರಕ್ಕೆ 5 ಕುಗ್ಗಿದೆ, ಅಡ್ಡಕ್ಕೆ ನೂರಕ್ಕೆ 2ರ ಹತ್ತಿರ. ನಿಮ್ಮ ಹಳೆಯ 22 ಇಂಚಿನ ಕವರ್ ಉದ್ದಕ್ಕೆ 20.9 ಆಗಿದೆ. 22 ಇಂಚಿನ ಫೋಮ್ ಅದರಲ್ಲಿ ಹಿಡಿಯುವುದು ಹೇಗೆ?

ಈಗ ಲೆಕ್ಕ. ಎಲ್ಲ ಕಡೆ ಅರ್ಧ ಇಂಚು ಹೊಲಿಗೆಗೆ ಅಂತ ಹಿಡಿದಿದ್ದೇನೆ. ಮೇಲಿನ ತುಂಡು ಮುಂದೆ 23½, ಆಳ 23. ತಳದ್ದೂ ಅಷ್ಟೇ. ಐದು ಮೆತ್ತೆಗೆ ಹತ್ತು ತುಂಡು. 54 ಇಂಚು ಪನ್ನದಲ್ಲಿ ಎರಡು ತುಂಡು ಪಕ್ಕಪಕ್ಕ ಕೂರುತ್ತವೆ, 47 ಇಂಚು ಆಯಿತು. ಹೀಗೆ ಐದು ಸಾಲು, ಸಾಲಿಗೆ 23ರಂತೆ 115 ಇಂಚು ಉದ್ದ. ಪಕ್ಕದಲ್ಲಿ ಉಳಿಯುವ 7 ಇಂಚನ್ನು ಬಿಸಾಡಬೇಡಿ. ಅದರಿಂದ 5 ಇಂಚು ಅಗಲದ ಒಂದು ಉದ್ದ ಪಟ್ಟಿ ಬರುತ್ತದೆ. ಬಟ್ಟೆ ಒಗೆದು ಪನ್ನ 53ಕ್ಕೆ ಇಳಿದರೂ 47 ಮತ್ತು 5 ಸೇರಿ 52, ತೊಂದರೆಯಿಲ್ಲ.

ಮೆತ್ತೆಯ ದಪ್ಪ ಮುಚ್ಚುವ ಸುತ್ತಲಿನ ಪಟ್ಟಿಗೆ ಬನ್ನಿ. ಮೆತ್ತೆಯ ಸುತ್ತಳತೆ 22½, 20¾ ಮತ್ತು ಎರಡು ಬದಿಯ 22 ಸೇರಿ 87¼. ಇದರಲ್ಲಿ ಹಿಂದಿನ ಭಾಗ ಜಿಪ್ಪಿನದು. ಜಿಪ್ ಹಿಂದಿನ 20¾ಕ್ಕೆ ನಿಂತರೆ ಫೋಮ್ ತುರುಕಲು ಬಾಯಿ ಸಾಲುವುದಿಲ್ಲ. ಎರಡೂ ಮೂಲೆ ದಾಟಿ 3 ಇಂಚು ಹೊರಳಬೇಕು, 26¾ ಆಯಿತು. ಉಳಿದದ್ದು 60½, ಹೊಲಿಗೆಗೆ ಸೇರಿಸಿ 61½ ಇಂಚಿನ ಮುಂಪಟ್ಟಿ. ಇದು ಪನ್ನದ ಅಡ್ಡಕ್ಕೆ ಹಿಡಿಯುವುದಿಲ್ಲ, ಬಟ್ಟೆಯ ಉದ್ದಕ್ಕೇ ಕತ್ತರಿಸಿ. ಒಂದು ಮುಂಪಟ್ಟಿ ಆ ಪಕ್ಕದ ಉಳಿಕೆಯಲ್ಲೇ ಬಂತು. ಇನ್ನು ನಾಲ್ಕು ಮುಂಪಟ್ಟಿ ಮತ್ತು ಜಿಪ್ಪಿನ ಹತ್ತು ಅರೆಪಟ್ಟಿಗೆ ಮತ್ತೊಂದು 62 ಇಂಚು ಉದ್ದ ಸಾಕು. ಅರೆಪಟ್ಟಿ 27¾ ಉದ್ದ, 3¼ ಅಗಲ: ದಪ್ಪದ ಅರ್ಧ 2, ಹೊರ ಹೊಲಿಗೆಗೆ ½, ಜಿಪ್ಪಿನ ಮಡಿಕೆಗೆ ¾.

ಒಟ್ಟು 177 ಇಂಚು, ಅಂದರೆ ನಾಲ್ಕೂವರೆ ಮೀಟರ್. ಇದು ಒಗೆದು ಕುಗ್ಗಿದ ಬಟ್ಟೆಯ ಲೆಕ್ಕ. ಕುಗ್ಗುವ ಮೊದಲು 186 ಇಂಚಿಗೂ ಸ್ವಲ್ಪ ಹೆಚ್ಚು ಇರಬೇಕು. ಹಾಗಾಗಿ 5 ಮೀಟರ್ ತನ್ನಿ. ಅಂಚಿಗೆ ಡೋರಿ (ಹುರಿ) ಹಾಕಿದ ಪೈಪಿಂಗ್ ಬೇಕಾದರೆ ಇನ್ನೊಂದು ಮೀಟರ್ ಸೇರಿಸಿ. ಡೋರಿಯೇ ಮೆತ್ತೆಗೆ ಎರಡು ಸುತ್ತಿನಂತೆ ಐದಕ್ಕೆ 22 ಮೀಟರಿಗೂ ಹೆಚ್ಚು ಹಿಡಿಯುತ್ತದೆ. ಕಡಲತಡಿಯವರು ಹೇಳಿದ ಹಾಗೆ ತಳಕ್ಕೆ ಕೋರಾ ಹಾಕಿದರೆ ಲೆಕ್ಕ ಇನ್ನೂ ಇಳಿಯುತ್ತದೆ.

ಇಂಚುಪಟ್ಟಿ, ಬುಧವಾರ ಬೆಳಿಗ್ಗೆ 8:10

ಲೆಕ್ಕ ಬಹಳ ಚೆನ್ನಾಗಿದೆ ಸರ್. ಒಂದು ತಿದ್ದುಪಡಿ ಮಾತ್ರ ನನ್ನದು. ಕವರ್ ಫೋಮಿನಷ್ಟೇ ಬರಬಾರದು, ಅರ್ಧ ಇಂಚು ಚಿಕ್ಕದಿರಬೇಕು. ಹಾಳೆಯ ಸುತ್ತ ಹೊಲಿಗೆಗೆ ಅರ್ಧ ಇಂಚು ಬಿಡುವ ಬದಲು ಕಾಲು ಇಂಚು ಮಾತ್ರ ಬಿಟ್ಟು ಕತ್ತರಿಸಿ, ಹೊಲಿಯುವುದನ್ನು ಅರ್ಧ ಇಂಚಿನಲ್ಲೇ ಹೊಲಿಯಿರಿ. ಆಗ ನಾಲ್ಕೂ ಕಡೆ ಫೋಮನ್ನು ಚೂರು ಒತ್ತಿ ಹಿಡಿಯುತ್ತದೆ, ಮೇಲ್ಮೈ ತಮಟೆಯ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಸುತ್ತಿನ ಪಟ್ಟಿಯನ್ನೂ 2 ಇಂಚು ಕಡಿಮೆ ಮಾಡಲು ಮರೆಯಬೇಡಿ, 85¼ ಸುತ್ತು ಸಿಗಬೇಕು. ದಪ್ಪವನ್ನು ಮಾತ್ರ ಕಡಿಮೆ ಮಾಡಬೇಡಿ.

ಇದು 32, 40 ಡೆನ್ಸಿಟಿಯ ಗಟ್ಟಿ ಫೋಮಿಗೆ. 32 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 32 ಕೆಜಿ ತೂಗುತ್ತದೆ ಅಂತ ಅರ್ಥ, ಗಡಸುತನಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಅರಳೆ ತುಂಬಿದ ಗಾದಿಗೆ, ನಾರಿನ ಮೆತ್ತೆಗೆ ಈ ಅರ್ಧ ಇಂಚು ಕಡಿಮೆ ಮಾಡುವುದು ಬೇಡ. ಅವು ಒತ್ತಿಸಿಕೊಂಡು ಮತ್ತೆ ಅರಳುವುದಿಲ್ಲ.

ಡೋರಿ ಹತ್ತಿಯದಾದರೆ ಬಿಸಿನೀರಿನಲ್ಲಿ ಕುದಿಸಿ ಒಣಗಿಸಿಕೊಳ್ಳಿ. ಬಟ್ಟೆ ಒಗೆದು ಡೋರಿ ಒಗೆಯದೆ ಹೊಲಿದವರ ಕವರ್ ಅಂಚೆಲ್ಲ ಸುಕ್ಕುಗಟ್ಟಿರುವುದನ್ನು ನೋಡಿದ್ದೇನೆ. ಡೋರಿ ಸುತ್ತುವ ಬಟ್ಟೆಯನ್ನು ಕ್ರಾಸಿನಲ್ಲೇ (ಓರೆಯಾಗಿ), ಒಂದೂವರೆ ಇಂಚು ಅಗಲಕ್ಕೆ ಕತ್ತರಿಸಿ. ನೇರ ಪಟ್ಟಿ ಮೂಲೆಯಲ್ಲಿ ಬಾಗುವುದಿಲ್ಲ.

ಸಾಧನಕೇರಿ (ಧಾರವಾಡ), ಬುಧವಾರ ಮಧ್ಯಾಹ್ನ 2:00

ನಮಸ್ಕಾರ ರೀ. ನಮ್ಮ ಮನ್ಯಾಗ ಸೋಫಾಕಿಂತ ಗಾದಿ, ತಕ್ಕಿ (ದುಂಡನ್ನ ಉದ್ದ ದಿಂಬು) ಜಾಸ್ತಿ. ತಕ್ಕಿಗೆ ಕವರ್ ಹೊಲಿಯೂದು ಹೆಂಗ ಅಂತ ಇಲ್ಲೇ ಕೇಳಿಬಿಡ್ತೀನಿ, ಬ್ಯಾರೆ ಚರ್ಚಾ ತಗ್ಯೂದು ಬ್ಯಾಡ. ತಕ್ಕಿ 9 ಇಂಚು ದುಂಡಗ, 24 ಉದ್ದ. ನಾ ಎರಡು ಸಲ ಹೊಲ್ದೆ. ಎರಡೂ ಸಲ ತುದೀ ಬಿಲ್ಲಿ ಮತ್ತ ಉದ್ದನ ಬಟ್ಟಿ ಕೂಡವಲ್ವು. ಬಟ್ಟಿ ಮೂರು ಇಂಚು ಹೆಚ್ಚಿಗೆ ಉಳೀತದ. ಬಿಲ್ಲಿ 10 ಇಂಚು ಕತ್ತರಿಸಿ, ಅದರ ಸುತ್ತ ಟೇಪ್ ಹಿಡದು ಅಳತಿ ತಗೊಂಡೇನಿ. ತಪ್ಪು ಎಲ್ಲಿ ಆಗ್ಯದ?

ಲೆಕ್ಕದಮನೆ, ಬುಧವಾರ ಸಂಜೆ 5:30

ತಪ್ಪು ಟೇಪ್ ಹಿಡಿದ ಜಾಗದಲ್ಲಿದೆ. ಬಿಲ್ಲೆ 10 ಇಂಚು ಕತ್ತರಿಸಿದ್ದು ಸರಿ, 9ಕ್ಕೆ ಎರಡೂ ಕಡೆ ಅರ್ಧರ್ಧ. ಆದರೆ ಹೊಲಿಗೆ ಬೀಳುವುದು ಕತ್ತರಿಸಿದ ಅಂಚಿನ ಮೇಲಲ್ಲ, ಅದರಿಂದ ಅರ್ಧ ಇಂಚು ಒಳಗೆ. ಆ ಒಳಗೆರೆಯ ಸುತ್ತಳತೆ 9ನ್ನು 22ರಿಂದ ಗುಣಿಸಿ 7ರಿಂದ ಭಾಗಿಸಿದರೆ 28¼. ಹೊರ ಅಂಚಿನದು 31½ರ ಹತ್ತಿರ. ನೀವು ಹೊರಗಿನದನ್ನು ಅಳೆದಿದ್ದೀರಿ, ಆ 3 ಇಂಚೇ ನಿಮಗೆ ಉಳಿಯುತ್ತಿರುವುದು. ಉದ್ದನೆಯ ಬಟ್ಟೆಯನ್ನು 28¼ಕ್ಕೆ 1 ಸೇರಿಸಿ 29¼ ಕತ್ತರಿಸಿ.

ಇಂಚುಪಟ್ಟಿ, ಬುಧವಾರ ಸಂಜೆ 7:00

ಸರ್ ಹೇಳಿದ್ದರ ಜೊತೆಗೆ, ಬಿಲ್ಲೆಯನ್ನೂ ಕೊಳವೆಯ ಬಾಯನ್ನೂ ನಾಲ್ಕಾಗಿ ಮಡಚಿ ನಾಲ್ಕು ಗುರುತು ಮಾಡಿ, ಗುರುತಿಗೆ ಗುರುತು ಪಿನ್ ಹಾಕಿ. ಕೊಳವೆಯ ಬಾಯಂಚಿಗೆ ಅರ್ಧರ್ಧ ಇಂಚಿಗೊಂದು ಕತ್ತರಿ ಗೀರು ಕೊಡಿ, ಹೊಲಿಗೆ ಗೆರೆ ಮುಟ್ಟದ ಹಾಗೆ. ಬಿಲ್ಲೆ ಕೆಳಗಿರಲಿ, ಗೀರಿದ ಬಟ್ಟೆ ಮೇಲಿರಲಿ. ದುಂಡಗೆ ಹೊರಳುತ್ತದೆ.

ಸಾಧನಕೇರಿ, ಗುರುವಾರ ಬೆಳಿಗ್ಗೆ 10:25

ಆತು ರೀ! ಒಂದ ಸಲಕ್ಕ ಕೂತ್ಕೊಂತು. ತುದೀ ಬಿಲ್ಲಿಗೆ ಗುಳೇದಗುಡ್ಡದ ಖಣ ಹಾಕೇನಿ, ಅವ್ವನ ಹಳೇ ಕುಬಸದ್ದು. ಖಣ ಕೂಡೂ ಜಾಗಾಕ್ಕ ತಡಿಯಂಗಿಲ್ಲ, ಎಳಿ ಬಿಡ್ತದ. ಹಿಂಗ ತುದಿಗೆ, ಇಲ್ಲಾ ಒರಗೂ ದಿಂಬಿನ ಮುಂದಿನ ಮಗ್ಗಲಕ್ಕ ಭಾಳ ಛಂದ ಕಾಣ್ತದ. ಹಿಂದ ಒಂದು ಪದರ ಮಲ್ ಬಟ್ಟಿ ಕೊಟ್ಟು ಹೊಲೀರಿ.

ಜಗಲಿಮಂಚ (ಮೈಸೂರು), ಗುರುವಾರ ಸಂಜೆ 4:50

ಇಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದೀರಿ ಅಂತ ನನ್ನದನ್ನೂ ಕೇಳುತ್ತೇನೆ. ನಡುಮನೆಯಲ್ಲಿ ತೂಗುಮಂಚ ಇದೆ, ಹಲಗೆ 60ಕ್ಕೆ 22. ಹಿತ್ತಾಳೆ ಸರಪಳಿ ನಾಲ್ಕು ಮೂಲೆಯ ಒಳಗೆ ಬರುತ್ತದೆ, ಹಾಗಾಗಿ ಹಾಸು ಯಾವಾಗಲೂ ಸರಪಳಿಗೆ ತಾಕಿ ಮಡಚಿಕೊಳ್ಳುತ್ತದೆ. ಮೂಲೆಗಳನ್ನು 3 ಇಂಚು ಚೌಕ ಕತ್ತರಿಸಿದ ಮೆತ್ತೆ ಮಾಡಿಸಿದ್ದೇನೆ. ಇದಕ್ಕೆ ಸುತ್ತಿನ ಪಟ್ಟಿ ಎಷ್ಟು ಉದ್ದ ಬೇಕು? ಆ ಒಳಮೂಲೆ ಹೊಲಿಯುವುದು ಹೇಗೆ?

ಲೆಕ್ಕದಮನೆ, ಗುರುವಾರ ರಾತ್ರಿ 8:40

ಮೂಲೆ ಕತ್ತರಿಸಿದರೂ ಸುತ್ತಳತೆ ಬದಲಾಗುವುದಿಲ್ಲ! ಉದ್ದದಲ್ಲಿ 3, ಅಗಲದಲ್ಲಿ 3 ಹೋಯಿತು, ಕಚ್ಚಿನ ಒಳಗೆ ಅದೇ 3 ಮತ್ತು 3 ಮರಳಿ ಬಂತು. ಹಾಗಾಗಿ 60 ಮತ್ತು 22ರ ಎರಡರಷ್ಟು, 164 ಇಂಚು. ತರಗತಿಯಲ್ಲಿ ಇದನ್ನು ಮಕ್ಕಳಿಗೆ ದಾರ ಹಿಡಿಸಿ ತೋರಿಸುತ್ತೇನೆ.

ಇಂಚುಪಟ್ಟಿ, ಗುರುವಾರ ರಾತ್ರಿ 9:30

ಹೊರಮೂಲೆಯಲ್ಲಿ ಗೀರು ಕೊಡಬೇಕಾದದ್ದು ಪಟ್ಟಿಗೆ. ಒಳಮೂಲೆಯಲ್ಲಿ ಗೀರು ಕೊಡಬೇಕಾದದ್ದು ಮೇಲಿನ ತುಂಡಿಗೆ. ಇಷ್ಟೇ ವ್ಯತ್ಯಾಸ, ಆದರೆ ಇದು ತಿಳಿಯದೆ ಎಷ್ಟೋ ಜನ ಬಟ್ಟೆ ಕೆಡಿಸುತ್ತಾರೆ. ಗೀರುವ ಮೊದಲು ಆ ಬಿಂದುವಿನ ಹಿಂದೆ ಎರಡು ಇಂಚಿನ ಬಟ್ಟೆ ತುಂಡು ಇಟ್ಟು, ಮೂಲೆಯ ಸುತ್ತ ಸಣ್ಣ ಹೊಲಿಗೆ ಓಡಿಸಿ. ಆಮೇಲೆ ಮೂಲೆಯ ತುದಿಗೆ ಒಂದು ನೂಲು ಬಿಟ್ಟು ಅಲ್ಲಿಯವರೆಗೆ ಕತ್ತರಿಸಿ. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ನಿಲ್ಲಿಸಿ, ಪಾದ ಎತ್ತಿ, ಬಟ್ಟೆ ತಿರುಗಿಸಿ. ಸೂಜಿ ಎತ್ತಿದರೆ ಮೂಲೆ ಜಾರುತ್ತದೆ.

ದೂರದಊರು (ಲೀಡ್ಸ್), ಶುಕ್ರವಾರ ಬೆಳಗಿನ ಜಾವ 2:15

ಇಲ್ಲಿಯ ನಮ್ಮ ಸೋಫಾ ಪೂರ್ತಿ ಬಟ್ಟೆ ಹೊದಿಸಿದ ಜಾತಿ, ಮರ ಕಾಣುವುದೇ ಇಲ್ಲ. ಕೈ, ಬೆನ್ನು ಎಲ್ಲಕ್ಕೂ ಸೇರಿ ಒಂದೇ ಹೊದಿಕೆ ಹೊಲಿದೆ. ಅಂಥದ್ದಕ್ಕೆ ಕಾಗದದ ಹಾಳೆ ಸಾಲುವುದಿಲ್ಲ. ಹಳೆಯ ಬೆಡ್‌ಶೀಟನ್ನು ಒಳಮಗ್ಗುಲು ಮೇಲಾಗಿ ಸೋಫಾದ ಮೇಲೇ ಹೊದಿಸಿ, ಪಿನ್ ಚುಚ್ಚಿ ಚುಚ್ಚಿ ಆಕಾರ ತಂದು, ಪಿನ್ ಇದ್ದಲ್ಲಿ ಗೆರೆ ಎಳೆದು, ಬಿಚ್ಚಿ, ಅದನ್ನೇ ನಮೂನೆ ಮಾಡಿಕೊಂಡೆ. ಕೂರುವ ಜಾಗ ಬೆನ್ನಿಗೆ ಸೇರುವ ಸಂದಿನಲ್ಲಿ, ಕೈಗೆ ಸೇರುವ ಸಂದಿನಲ್ಲಿ 6 ಇಂಚು ಹೆಚ್ಚು ಬಟ್ಟೆ ಬಿಟ್ಟು ಒಳಗೆ ಸಿಕ್ಕಿಸಬೇಕು. ಅದು ಇಲ್ಲದಿದ್ದರೆ ಕೂತ ಕೂಡಲೇ ಹೊದಿಕೆ ಎಳೆದುಕೊಂಡು ಬೆನ್ನಿನ ಕಡೆ ಹೊಲಿಗೆ ಬಿಡುತ್ತದೆ.

ಬ್ರಿಟನ್ನಿನಲ್ಲಿ ಇರುವ ಕನ್ನಡದವರು ಹೊಲಿದು ಮಾರುವ ಆಲೋಚನೆ ಮಾಡಿದರೆ ನೆನಪಿಡಿ, ಇಲ್ಲಿ 1988ರಿಂದ ಪೀಠೋಪಕರಣಗಳ ಬೆಂಕಿ ಸುರಕ್ಷತೆಗೆ ಪ್ರತ್ಯೇಕ ನಿಯಮಾವಳಿ ಇದೆ. ಮಾರುವ ಕವರಿನ ಬಟ್ಟೆ ಬೆಂಕಿ ಪರೀಕ್ಷೆ ದಾಟಿರಬೇಕು. ಊರಿಂದ ತಂದ ಕೈಮಗ್ಗದ ಬಟ್ಟೆಯನ್ನು ಹಾಗೇ ಹೊಲಿದು ಮಾರಲು ಬರುವುದಿಲ್ಲ.

ಹಿತ್ತಲಬಾಗಿಲು ಅವರಿಗೆ ಒಂದು ಸಲಹೆ: ಹತ್ತಿಯ ಕವರನ್ನು ಸ್ವಲ್ಪ ಹಸಿ ಇರುವಾಗಲೇ ಹಾಕಿದರೆ ಮೈಗೆ ಹೊಂದಿ ಒಣಗುತ್ತದೆ.

ಕಡಲತಡಿ, ಶುಕ್ರವಾರ ಬೆಳಿಗ್ಗೆ 6:50

ಆ ಹಸಿ ಕವರಿನ ಸಲಹೆ ನಮ್ಮ ಕಡೆಗೆ ಹೊಂದುವುದಿಲ್ಲ. ಜೂನ್, ಜುಲೈನಲ್ಲಿ ಹಸಿ ಕವರ್ ಹಾಕಿದರೆ ವಾರದೊಳಗೆ ಫೋಮಿಗೆ ಬೂಷ್ಟು. ಒಳಗೆ ಹೀಟರ್ ಉರಿಯುವ ಮನೆಗೆ ಸರಿ ಇರಬಹುದು. ಸಾಗರದಲ್ಲಿ ದಯವಿಟ್ಟು ಮಾಡಬೇಡಿ.

ದೂರದಊರು, ಶುಕ್ರವಾರ ಮಧ್ಯಾಹ್ನ 12:40

ಹೌದು, ಮಳೆಗಾಲವನ್ನು ನಾನು ಯೋಚಿಸಿರಲಿಲ್ಲ. ತಿದ್ದಿದ್ದಕ್ಕೆ ಧನ್ಯವಾದ. ಪೂರ್ತಿ ಒಣಗಿದ ಮೇಲೆಯೇ ಹಾಕಿ.

ಹಿತ್ತಲಬಾಗಿಲು, ಮುಂದಿನ ಬುಧವಾರ ರಾತ್ರಿ 9:15

ಬಟ್ಟೆ ತಂದೆ, 6 ಮೀಟರ್. ಒಗೆದು ಒಣಗಿಸಿ ಇಸ್ತ್ರಿ ಮಾಡಿದೆ. ಆದರೆ ಅದನ್ನು ಕತ್ತರಿಸಲು ಧೈರ್ಯ ಬರಲಿಲ್ಲ. ದೂರದಊರಿನವರ ಮಾತು ನೆನಪಾಗಿ ಮೊದಲು ಹಳೆಯ ಬೆಡ್‌ಶೀಟಿನಲ್ಲಿ ನಂಬರ್ 1ಕ್ಕೆ ಒಂದು ಕವರ್ ಹೊಲಿದೆ. ಜಿಪ್ ಇಲ್ಲದೆ, ಹಿಂದೆ ಬಾಯಿ ತೆರೆದೇ ಬಿಟ್ಟು.

ಅಳತೆ ಸರಿ ಬಂತು. ಮೂಲೆ ಮಾತ್ರ ಬರಲಿಲ್ಲ. ಪಟ್ಟಿಯನ್ನು ಮೂಲೆಯಲ್ಲಿ ತಿರುಗಿಸಿದಾಗ ಒಂದು ಚಿಟಿಕೆಯಷ್ಟು ಬಟ್ಟೆ ಹೊಲಿಗೆಯೊಳಗೆ ಸಿಕ್ಕಿಕೊಂಡು ಅಲ್ಲಿ ಸಣ್ಣ ಬಾಯಿಯ ಹಾಗೆ ಮಡಿಕೆ ನಿಲ್ಲುತ್ತದೆ. ನಾಲ್ಕು ಮೂಲೆಯಲ್ಲಿ ಮೂರು ಹೀಗೇ ಆಗಿದೆ. ಇಂಚುಪಟ್ಟಿಯವರು ತೂಗುಮಂಚಕ್ಕೆ ಹೇಳಿದ ಗೀರನ್ನು ನಾನೂ ಕೊಟ್ಟಿದ್ದೆ.

ಇಂಚುಪಟ್ಟಿ, ಮುಂದಿನ ಬುಧವಾರ ರಾತ್ರಿ 10:00

ಗೀರು ಎಷ್ಟು ಆಳ ಕೊಟ್ಟಿರಿ? ಅರ್ಧ ಇಂಚಿನ ಅಂಚಿಗೆ ಕಾಲು ಇಂಚು ಗೀರಿದರೆ ತೆರೆದುಕೊಳ್ಳುವುದಿಲ್ಲ. ಹೊಲಿಗೆ ಗೆರೆಗೆ ಒಂದು ನೂಲು ಉಳಿಯುವಷ್ಟು ಹತ್ತಿರ ಹೋಗಬೇಕು. ಇನ್ನೊಂದು, ಗೀರು ಸರಿಯಾಗಿ ಮೂಲೆಗೇ ಬಂದಿದೆಯಾ ಅಂತ ನೋಡಿ. ಕಾಲು ಇಂಚು ಆಚೀಚೆ ಆದರೂ ಹೀಗೇ ಮಡಿಕೆ ಬೀಳುತ್ತದೆ. ಪಟ್ಟಿಯ ಮೇಲೆ ಮುಂದಿನ ಅಂಚಿನ ಎರಡು ಮೂಲೆಯ ಜಾಗ ಮೊದಲೇ ಅಳೆದು ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಹೊಲಿಯುತ್ತಾ ಹೋಗಿ ಎಲ್ಲಿ ಬರುತ್ತದೋ ಅಲ್ಲಿ ಗೀರುವುದಲ್ಲ.

ಮೂಲೆಯಲ್ಲಿ ಒಂದೇ ಸಲ ತಿರುಗದೆ, ತುದಿಯಲ್ಲಿ ಅಡ್ಡಲಾಗಿ ಒಂದು ಹೊಲಿಗೆ ಹಾಕಿ ಆಮೇಲೆ ತಿರುಗಿ. ಮಗುಚಿದಾಗ ಅದೇ ಚೂಪಾಗಿ ಕಾಣುತ್ತದೆ. ಪೈಪಿಂಗ್ ಸೇರಿದ ಮೇಲೆ ಜೋಡಣೆ ಇರುವಲ್ಲಿ ಆರು ಪದರ ಆಗುತ್ತದೆ, 16 ನಂಬರ್ ಸೂಜಿ ಮುರಿದರೆ 18ಕ್ಕೆ ಹೋಗಿ. ದಾರ ಪಾಲಿಯೆಸ್ಟರ್, ಹೊಲಿಗೆ ಉದ್ದ 3 ಮಿಲಿಮೀಟರ್. ದಪ್ಪ ಬಂದಾಗ ಕಾಲು ನಿಲ್ಲಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಹಿತ್ತಲಬಾಗಿಲು, ಅದರ ಮುಂದಿನ ಸೋಮವಾರ ಸಂಜೆ 6:20

ನಂಬರ್ 1, 2, 3 ಮುಗಿದವು!

ಮೂರು ಜನ ಕೂರುವ ಸೋಫಾ ಪೂರ್ತಿಯಾಯಿತು. ಗೀರು ನಿಜಕ್ಕೂ ಕಾಲೇ ಇಂಚು ಕೊಟ್ಟಿದ್ದೆ, ಅದೇ ತಪ್ಪು. ಈಗ ಮೂಲೆಗಳು ಬೆರಳು ಹಾಯಿಸಿದರೆ ಒಂದೇ ಗೆರೆಯಾಗಿ ಸಿಗುತ್ತವೆ. ಅರ್ಧ ಇಂಚು ಚಿಕ್ಕದು ಮಾಡುವ ಮಾತು ಕೇಳಿ ಮೊದಲು ಹೆದರಿಕೆಯಾಗಿತ್ತು. ಫೋಮನ್ನು ಉದ್ದಕ್ಕೆ ಮಡಚಿ, ಪಂಚೆಯ ಒಳಚೀಲದ ಸಮೇತ ಜಿಪ್ಪಿನ ಬಾಯೊಳಗೆ ತಳ್ಳಿ ಕೈಬಿಟ್ಟೆ. ಒಳಗೆ ತಾನೇ ಬಿಚ್ಚಿಕೊಂಡು ಮೂಲೆಗೆ ಮೂಲೆ ಹೋಗಿ ಕೂತಿತು. ತಳಕ್ಕೆ ಕೋರಾ ಹಾಕಿದ್ದರಿಂದ ಗೋಧಿ ಬಣ್ಣದ ಬಟ್ಟೆ ಒಂದೂಕಾಲು ಮೀಟರಿನಷ್ಟು ಉಳಿಯುವ ಹಾಗಿದೆ. ಒರಗು ದಿಂಬಿಗೆ ಸಾಲುತ್ತದೆಯೋ ನೋಡಬೇಕು. ಅತ್ತೆಯವರು ಬಂದು ಮೂರರ ಮೇಲೂ ಒಂದೊಂದು ಸಲ ಕೂತು ನೋಡಿದರು.

ನಂಬರ್ 4 ಹೊಲಿದೆ, ಆದರೆ ಎಡಗಡೆ ಮುಂದಿನ ಮೂಲೆಯಲ್ಲಿ ಓರೆಯಾಗಿ ಒಂದು ಸೆಳೆತ ಉಳಿದಿದೆ. ಕವರ್ ಬಿಚ್ಚಿ ನೋಡಿದರೆ ಹೊಲಿಗೆ ಸರಿಯಿದೆ.

ಇಂಚುಪಟ್ಟಿ, ಸೋಮವಾರ ರಾತ್ರಿ 8:45

ಕರ್ಣ ಮುಕ್ಕಾಲು ಇಂಚು ವ್ಯತ್ಯಾಸ ಬಂದದ್ದು ಇದೇ ಮೆತ್ತೆ ಅಲ್ಲವಾ? ನೀವು ಕವರನ್ನು ಸೀಟಿನ ಹಾಳೆಗೆ ಕತ್ತರಿಸಿದ್ದೀರಿ, ಫೋಮ್ ಓರೆಯಿದೆ. ಕವರ್ ಮುಟ್ಟಬೇಡಿ. ಹಾಳೆಯನ್ನು ಫೋಮಿನ ಮೇಲಿಟ್ಟು, ಚಾಚಿರುವ ಮೂಲೆಯನ್ನು ಉದ್ದ ಅಲಗಿನ ಚೂರಿಯಿಂದ, ಗರಗಸ ಎಳೆದ ಹಾಗೆ ನಿಧಾನ ಎಳೆದು ಕೆತ್ತಿ. ಚೂರಿಯನ್ನು ನೇರ ನಿಲ್ಲಿಸಿ, ಇಲ್ಲದಿದ್ದರೆ ತಳ ಒಂದು ಅಳತೆ, ಮೇಲೆ ಒಂದು ಅಳತೆ ಆಗುತ್ತದೆ. ಎದುರಿನ ಮೂಲೆ ಕಡಿಮೆ ಬಿದ್ದರೆ ಕತ್ತರಿಸಿದ ಚೂರನ್ನೇ ಫೋಮಿನ ಗೋಂದಿನಿಂದ ಅಲ್ಲಿಗೆ ಅಂಟಿಸಿ.

ಹಿತ್ತಲಬಾಗಿಲು, ಸೋಮವಾರ ರಾತ್ರಿ 9:10

ಸರಿ, ನಾಳೆ ಬೆಳಕಿನಲ್ಲಿ ಮಾಡುತ್ತೇನೆ. ನಂಬರ್ 5ರ ತುಂಡುಗಳನ್ನು ಕತ್ತರಿಸಿಟ್ಟಿದ್ದೇನೆ, ಅದರ ಕರ್ಣ ಎರಡೂ ಸಮ ಇವೆ. ಡೋರಿ ಎರಡು ಮೀಟರ್ ಕಡಿಮೆ ಬಿದ್ದಿದೆ. ತಂದು ಕುದಿಸಿ ಒಣಗಿಸಬೇಕು.